ಹಳೆಯ ಮನೆಯ ಮದುವೆ, ಹೊಸ ಮನೆಯ ಟಿವಿಯಲ್ಲಿ

ಪ್ರಶ್ನೆ: ನಾವು ಆಲಮಟ್ಟಿ ಜಲಾಶಯದ ಮುಳುಗಡೆಯಲ್ಲಿ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರು. ಆ ಮನೆಯ ಅಂಗಳದಲ್ಲಿ ನಡೆದ ಅಕ್ಕನ ಮದುವೆಯ ವಿಡಿಯೋ 6 ಡಿವಿಡಿಗಳಲ್ಲಿದೆ. ಜಾತ್ರೆಯಲ್ಲಿ ಆಡಿದ ಶ್ರೀಕೃಷ್ಣ ಪಾರಿಜಾತವನ್ನು ಅಪ್ಪ ಟೇಪ್ ಮಾಡಿಕೊಂಡಿದ್ದ 20 ಕ್ಯಾಸೆಟ್‌ಗಳೂ ಇವೆ. ಇವನ್ನು ಟಿವಿ ಮತ್ತು ಮೊಬೈಲುಗಳಲ್ಲಿ ನೋಡಲು, ಕೇಳಲು ಮನೆಯಲ್ಲಿಯೇ ಮೀಡಿಯಾ ಸರ್ವರ್ ಮಾಡಬೇಕೆಂದಿದ್ದೇನೆ. ನನ್ನಲ್ಲಿರುವುದು ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರಿನ ಡೆಸ್ಕ್‌ಟಾಪ್. ಇದು ಸಾಲದು, ಗ್ರಾಫಿಕ್ಸ್ ಕಾರ್ಡ್ ಸಮೇತ ಹೊಸದು ಬೇಕೆಂದು ಅಂಗಡಿಯವರು ಹೇಳುತ್ತಾರೆ. ಪುಣೆಯಲ್ಲಿರುವ ಅಕ್ಕನೂ ನೋಡಲು ಸಾಧ್ಯವೆ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಹೊಸ ಯಂತ್ರ ಕೊಳ್ಳಬೇಡಿ. ಫೈಲನ್ನು ಇದ್ದಂತೆಯೇ ಕಳಿಸುವುದು ಸರ್ವರಿಗೆ ಹಗುರವಾದ ಕೆಲಸ. ಆ ಫೈಲಿನ ಸ್ವರೂಪ ಟಿವಿಗೆ ಹೊಂದದಿದ್ದರೆ, ನೀವು ನೋಡುತ್ತಿರುವಾಗಲೇ ಅದನ್ನು ಬದಲಿಸಿ ಕಳಿಸಬೇಕಾಗುತ್ತದೆ. ಟ್ರಾನ್ಸ್‌ಕೋಡಿಂಗ್ ಎನ್ನುವ ಈ ಕೆಲಸಕ್ಕೆ ಮಾತ್ರ ಬಲವಾದ ಯಂತ್ರ ಬೇಕು. 4ಕೆ ಸಿನಿಮಾಗಳನ್ನು ಏಕಕಾಲಕ್ಕೆ ನಾಲ್ಕಾರು ಕಡೆ ನೋಡುವವರಿಗೆ ಅಂಗಡಿಯವರ ಮಾತು ಒಪ್ಪುತ್ತದೆ, ನಿಮಗಲ್ಲ. ನಿಮ್ಮ ವಿಡಿಯೋವನ್ನು ಒಮ್ಮೆ ಎಚ್.264 ಸ್ವರೂಪಕ್ಕೆ ಬದಲಿಸಿಟ್ಟರೆ ಈಗಿನ ಟಿವಿ, ಮೊಬೈಲುಗಳು ಅದನ್ನು ನೇರವಾಗಿ ತೋರಿಸುತ್ತವೆ. ಡಿವಿಡಿಯ ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 10 ಮೆಗಾಬಿಟ್ ಸಾಕಾಗುವುದರಿಂದ, 100 ಮೆಗಾಬಿಟ್ಟಿನ ಸಾಧಾರಣ ಕೇಬಲ್ಲೂ ನಡೆಯುತ್ತದೆ.

ನಿಮ್ಮಲ್ಲಿ ತುರ್ತಿನ ಕೆಲಸವೆಂದರೆ ಡಿವಿಡಿಗಳದು. ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆದ ಡಿವಿಡಿಯ ಬಣ್ಣದ ಪದರ ವರ್ಷಗಳು ಕಳೆದಂತೆ ಕೆಡುತ್ತದೆ, ಕೆಟ್ಟ ಮೇಲೆ ಏನೂ ಮಾಡಲಾಗದು. ಆದ್ದರಿಂದ ಮೊದಲು ಮೇಕ್‌ಎಂಕೆವಿ ತಂತ್ರಾಂಶದಿಂದ ಚಿತ್ರವನ್ನು ಇದ್ದ ಗುಣಮಟ್ಟದಲ್ಲಿಯೇ ಹೊರತೆಗೆದು, ಆ ಮೂಲಪ್ರತಿಯನ್ನು ಮುಟ್ಟದೆ ಬೇರೆ ಇಡಿ. ನೋಡುವ ಎಚ್.264 ಪ್ರತಿಯನ್ನು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ತಯಾರಿಸುವಾಗ ಡಿಇಂಟರ್‌ಲೇಸ್ ಆಯ್ಕೆಯನ್ನು ಮರೆಯಬೇಡಿ. ಆ ಕಾಲದ ಕ್ಯಾಮೆರಾಗಳು ಒಂದು ಚಿತ್ರವನ್ನು ಬೆಸಸಾಲು, ಸಮಸಾಲುಗಳೆಂದು ಎರಡು ಪಾಲು ಮಾಡಿ ಹಿಡಿಯುತ್ತಿದ್ದವು; ಅವನ್ನು ಸರಿಯಾಗಿ ಕೂಡಿಸದಿದ್ದರೆ, ಅಕ್ಕಿಕಾಳು ಹಾಕುವಾಗ ಮೇಲೆದ್ದ ಕೈಗಳ ಅಂಚಿನಲ್ಲೆಲ್ಲ ಹಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ.

ಕ್ಯಾಸೆಟ್ಟಿನ ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಮೊದಲು ಮುರಿದುಬಿಡಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಪ್ಪನವರು ಹಿಡಿದಿಟ್ಟ ದನಿ ಅಳಿಯುವುದಿಲ್ಲ. ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಹಿಂದಕ್ಕೆ ಸುತ್ತಿ, ಟೇಪ್‌ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅದರ ಹೆಡ್‌ಫೋನ್ ಕಿಂಡಿಯಿಂದ ಡೆಸ್ಕ್‌ಟಾಪಿನ ಹಿಂಬದಿಯ ನೀಲಿ ಕಿಂಡಿಗೆ ತಂತಿ ಜೋಡಿಸಿ, ಅಡಾಸಿಟಿ ಎಂಬ ದನಿಮುದ್ರಣ ತಂತ್ರಾಂಶದಲ್ಲಿ ದಾಖಲಿಸಿ. ಗುಲಾಬಿ ಕಿಂಡಿ ಮೈಕಿನದು, ಅದರಲ್ಲಿ ದನಿ ಒಡೆಯುತ್ತದೆ. ಸಿಡಿ ಗುಣಮಟ್ಟದಲ್ಲಿ ಒಂದು ತಾಸಿನ ದನಿಗೆ ಸುಮಾರು 635 ಎಂಬಿ ಬೇಕು. ಫ್ಲಾಕ್ ಸ್ವರೂಪದಲ್ಲಿಟ್ಟರೆ ದನಿಗೆ ಯಾವ ಊನವೂ ಇಲ್ಲದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿದರೆ ನಿಮ್ಮ ಸಂಗ್ರಹವೆಲ್ಲ 1 ಟಿಬಿ ಡಿಸ್ಕಿನ ಮೂಲೆಯೊಂದರಲ್ಲಿ ಹಿಡಿಸುತ್ತದೆ. ಗ್ರಾಫಿಕ್ಸ್ ಕಾರ್ಡಿಗೆಂದು ಇಟ್ಟ ಹಣದಲ್ಲಿ ಎರಡು ಡಿಸ್ಕ್ ಕೊಳ್ಳಿ. ಒಂದು ಸರ್ವರಿನಲ್ಲಿರಲಿ, ಇನ್ನೊಂದಕ್ಕೆ ನಕಲು ಮಾಡಿ ಕಪಾಟಿನಲ್ಲಿಡಿ. ಎರಡು ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ರೇಡ್ ಮಾಡಿದರೆ, ಎಂದರೆ ಒಂದರಲ್ಲಿ ಆದದ್ದೆಲ್ಲ ಆಗಲೇ ಇನ್ನೊಂದರಲ್ಲೂ ಆಗುವಂತೆ ಜೋಡಿಸಿದರೆ, ಸಾಕೆಂದು ಹಲವರು ತಿಳಿಯುತ್ತಾರೆ. ಆದರೆ ನೀವು ತಪ್ಪಿ ಅಳಿಸಿದ ಫೈಲು ಅಲ್ಲಿ ಎರಡರಲ್ಲೂ ಅಳಿಯುತ್ತದೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ನಿಮ್ಮ ಪ್ರೊಸೆಸರ್ ಅರ್ಹವಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಡೆಬಿಯನ್ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ, ಅದರ ಮೇಲೆ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶವನ್ನು ಸ್ಥಾಪಿಸಿ. ಎಂಬಿ (Emby) ಹೆಸರಿನ ಇಂಥದೇ ತಂತ್ರಾಂಶ ತನ್ನ ಮೂಲ ಸಂಕೇತವನ್ನು ಮುಚ್ಚಿದಾಗ 2018ರಲ್ಲಿ ಅದರಿಂದ ಕವಲೊಡೆದ ಈ ತಂತ್ರಾಂಶ ಪೂರ್ತಿ ಉಚಿತ. ಮದುವೆಯ ಫೋಲ್ಡರನ್ನು ಸಿನಿಮಾ ವಿಭಾಗಕ್ಕೆ ಸೇರಿಸದೆ ಹೋಮ್ ವಿಡಿಯೋ ವಿಭಾಗಕ್ಕೆ ಸೇರಿಸಿ. ಇಲ್ಲವಾದರೆ ಜೆಲ್ಲಿಫಿನ್ ಅಂತರ್ಜಾಲದಲ್ಲಿ ಹೆಸರು ಹುಡುಕಿ ಯಾವುದೋ ಚಿತ್ರದ ಪೋಸ್ಟರನ್ನು ಅಂಟಿಸೀತು. ಫೈಲಿನ ಹೆಸರಿನಲ್ಲಿ ವರ್ಷ, ಶಾಸ್ತ್ರ, ಸ್ಥಳ ಇರಲಿ.

ಡೆಸ್ಕ್‌ಟಾಪ್ 40 ವ್ಯಾಟ್ ಬಳಸಿದರೂ ಹಗಲಿರುಳು ಉರಿದರೆ ತಿಂಗಳಿಗೆ 29 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಸಂಜೆ ಮಾತ್ರ ಹಚ್ಚಿದರೆ ಸಾಕು. ಕರೆಂಟ್ ಹೋಗಿ ಬಂದು ಮಾಡುವಲ್ಲಿ ಸಣ್ಣ ಯುಪಿಎಸ್ ಅಗತ್ಯ, ಏಕೆಂದರೆ ಡಿಸ್ಕಿಗೆ ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಫೈಲುಗಳು ಕೆಡಬಹುದು.

ಅಕ್ಕನವರ ವಿಷಯ. ರೌಟರಿನ ಬಾಗಿಲು ತೆರೆದು ಸರ್ವರನ್ನು ಅಂತರ್ಜಾಲಕ್ಕೆ ಬಿಡಬೇಡಿ, ಅದು ಅಪಾಯಕರ. ಟೇಲ್‌ಸ್ಕೇಲ್ ಎಂಬ ಆ್ಯಪನ್ನು ಸರ್ವರಿನಲ್ಲಿಯೂ ಅಕ್ಕನವರ ಮೊಬೈಲಿನಲ್ಲಿಯೂ ಹಾಕಿದರೆ ಅವೆರಡರ ನಡುವೆ ಮಾತ್ರ ಗುಪ್ತವಾದ ದಾರಿ ಏರ್ಪಡುತ್ತದೆ. ಅವರು ಮುಂದಿನ ಸಲ ತವರಿಗೆ ಬಂದಾಗ ಮೂಲಪ್ರತಿಗಳ ಇನ್ನೊಂದು ನಕಲನ್ನು ಅವರ ಕೈಗೆ ಕೊಟ್ಟು ಕಳಿಸಿ. ನವನಗರದ ಮನೆಯಲ್ಲಿ ಏನೇ ಆದರೂ ಆ ಪ್ರತಿ ಪುಣೆಯಲ್ಲಿ ಉಳಿದಿರುತ್ತದೆ.