ಪ್ಯಾನ್ ಬದಲಾದರೂ ಆಯಿಲ್ ನಿಲ್ಲಬೇಕಾದ ಎತ್ತರ ಬದಲಾಗದು

ನಮಸ್ಕಾರ. ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಹಳೆಯ ಆಯಿಲ್ ಪ್ಯಾನ್‌ಗೆ 5 ಲೀಟರ್ ಸಾಕಾಗುತ್ತಿತ್ತು, ಬೇರೆ ಕಂಪನಿಯ ದೊಡ್ಡ ಪ್ಯಾನ್‌ನ ಪೆಟ್ಟಿಗೆಯ ಮೇಲೆ 6.5 ಲೀಟರ್ ಎಂದಿದೆ, ಅಷ್ಟೂ ಸುರಿದರೆ ಆಯಿಲ್ ಡಿಪ್‌ಸ್ಟಿಕ್‌ನ (ಮಟ್ಟ ನೋಡುವ ಕಡ್ಡಿಯ) ಮೇಲಿನ ಗೆರೆಗಿಂತ ಬೆರಳಗಲ ಮೇಲೇರಿದೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಡಿಪ್‌ಸ್ಟಿಕ್ ಇಳಿಯುವ ಕೊಳವೆ ಎಂಜಿನ್ ಬ್ಲಾಕ್‌ನಲ್ಲೇ ಇದ್ದರೆ ಗೆರೆಯನ್ನು ನಂಬಿ. ಹೆಚ್ಚಿನದನ್ನು ಇಳಿಸುವವರೆಗೆ ಎಂಜಿನ್ ಚಾಲೂ ಮಾಡಬೇಡಿ.

ಆ ಗೆರೆ ಲೀಟರ್ ಲೆಕ್ಕ ಹೇಳುವುದಿಲ್ಲ. ಎಂಜಿನ್ ಒಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನಿಂದ ಎಷ್ಟು ಕೆಳಗೆ ಆಯಿಲ್ ನಿಲ್ಲಬೇಕು ಎಂಬುದನ್ನು ಹೇಳುತ್ತದೆ. ಪ್ಯಾನ್ ಎಷ್ಟೇ ಆಳ, ಅಗಲವಾದರೂ ಆ ಅಂತರ ಹಾಗೆಯೇ ಇರಬೇಕು. ಕ್ರ್ಯಾಂಕ್ ಆಯಿಲ್‌ಗೆ ಬಡಿದರೆ ಮಜ್ಜಿಗೆ ಕಡೆದಂತೆ ನೊರೆ ಏಳುತ್ತದೆ, ಪಂಪ್ ಆ ನೊರೆಯನ್ನೇ ಎಳೆಯುತ್ತದೆ. ನಾನೊಮ್ಮೆ ಪೆಟ್ಟಿಗೆಯ ಅಂಕಿ ನಂಬಿ ತುಂಬಿದ್ದೆ. ವೇಗ ಹೆಚ್ಚಿಸಿದಾಗ ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು ನಡುಗುತ್ತಿತ್ತು, ನಿಲ್ಲಿಸಿದ ಕೂಡಲೇ ಕಡ್ಡಿ ಎಳೆದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಗೆರೆಯವರೆಗೆ ಇಳಿಸಿದ ಮೇಲೆ ಮುಳ್ಳು ಸ್ಥಿರವಾಯಿತು.

ಕೊಳವೆ ಹೊಸ ಪ್ಯಾನ್‌ನಲ್ಲೇ ಇದ್ದರೆ ಮಾತು ಬೇರೆ. ಹಳೆಯ ಕಡ್ಡಿ ಅದರೊಳಗೆ ಹೋದರೂ ಅದರ ಗೆರೆಗಳಿಗೆ ಅರ್ಥವಿಲ್ಲ. ಆಯಿಲ್ ತುಳುಕದಂತೆ ಒಳಗಿರುವ ತಡೆ ತಗಡಿಗೆ ತಾಗಿ ತುದಿ ಬಾಗಿದೆಯೇ ಎಂದೂ ನೋಡಿ.

ಪ್ಯಾನ್ ಕೂರಿಸುವ ಮುಂಚೆಯೇ ಅಳೆಯುವುದು ಎಲ್ಲಕ್ಕಿಂತ ನಿಖರ. ಬ್ಲಾಕ್‌ನ ಕೊಳವೆಯಲ್ಲಿ ಕಡ್ಡಿಯನ್ನು ಪೂರ್ತಿ ಇಳಿಸಿ, ಪ್ಯಾನ್ ಕೂರುವ ಅಂಚಿನಿಂದ ಮೇಲಿನ ಗೆರೆಗೆ ನೇರವಾಗಿ ಎಷ್ಟು ದೂರ ಎಂದು ಸ್ಕೇಲ್ ಹಿಡಿದು ನೋಡಿ. 60 ಮಿ.ಮೀ. ಬಂತು ಎನ್ನೋಣ. ಹೊಸ ಪ್ಯಾನನ್ನು ಮೇಜಿನ ಮೇಲೆ ಮಟ್ಟಗೋಲು ಇಟ್ಟು ಸಮ ಮಾಡಿ, ಅಂಚಿನಿಂದ 60 ಮಿ.ಮೀ. ಕೆಳಗೆ ಬರುವವರೆಗೆ ಆಯಿಲನ್ನು ಅಳೆದು ಸುರಿಯಿರಿ. ಎಂಜಿನ್ ವಾಹನದಲ್ಲಿ ಓರೆಯಾಗಿ ಕೂತಿದ್ದರೆ ಪ್ಯಾನನ್ನೂ ಅಷ್ಟೇ ಓರೆ ಮಾಡಬೇಕು. ನೀರು ಬೇಡ, ಮೂಲೆಗಳಲ್ಲಿ ಉಳಿದುಬಿಡುತ್ತದೆ. ಕೊಳವೆ ಪ್ಯಾನ್‌ನಲ್ಲೇ ಇರುವವರು ಹಳೆಯ ಪ್ಯಾನ್ ಮತ್ತು ಕಡ್ಡಿಯಿಂದ ಈ ದೂರವನ್ನು ತೆಗೆದುಕೊಂಡು, ಹೊಸ ಕಡ್ಡಿಯಲ್ಲಿ ಆಯಿಲ್ ತಾಗಿದ ಕಡೆ ಅರದಿಂದ ಗೆರೆ ಹಾಕಿಕೊಳ್ಳಬಹುದು.

ಆಗಲೇ ಪಂಪ್ ಆಯಿಲ್ ಎಳೆದುಕೊಳ್ಳುವ ಪಿಕಪ್ ಕೊಳವೆಯನ್ನೂ ನೋಡಿಬಿಡಿ, ದಯವಿಟ್ಟು ಬಿಡಬೇಡಿ. ಪ್ಯಾನ್ ತಳದಲ್ಲಿ ಪಿಕಪ್ ಬಾಯಿಯ ಕೆಳಗೆ ಬರುವಂತೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಇಟ್ಟು, ಗ್ಯಾಸ್ಕೆಟ್ ಸಮೇತ ಪ್ಯಾನ್ ಕೂರಿಸಿ ತೆಗೆಯಿರಿ. ಚಪ್ಪಟೆಯಾದ ಮಣ್ಣಿನ ದಪ್ಪ ಸುಮಾರು 6ರಿಂದ 10 ಮಿ.ಮೀ. ಇರಬೇಕು. ಆಳದ ಪ್ಯಾನ್‌ಗೆ ಹಳೆಯ ಗಿಡ್ಡ ಪಿಕಪ್ ಉಳಿಸಿಕೊಂಡರೆ, ಕಡ್ಡಿಯಲ್ಲಿ ಮಟ್ಟ ಸರಿಯಿದ್ದರೂ ತಿರುವಿನಲ್ಲಿ ಪಂಪ್ ಗಾಳಿ ಎಳೆಯಬಹುದು.

ನಿಮ್ಮದು ಈಗಾಗಲೇ ಕೂತಿರುವುದರಿಂದ, ಪಿಕಪ್ ನೋಡಿಯೇ ಕೂರಿಸಿದ್ದರೆ, ಮಟ್ಟ ಅಳೆಯಲೆಂದು ಬಿಚ್ಚುವುದು ಬೇಡ. ಮುಂದಿನ ಬಾರಿ ಆಯಿಲ್ ಬದಲಿಸುವಾಗ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಹಾಕಿ, ಅರ್ಧರ್ಧ ಲೀಟರ್ ಸುರಿಯುತ್ತಾ ಮೇಲಿನ ಗೆರೆ ಮುಟ್ಟಿಸಿ. ಎರಡು ನಿಮಿಷ ಎಂಜಿನ್ ಓಡಿಸಿದರೆ ಫಿಲ್ಟರ್ ತುಂಬಿ ಮಟ್ಟ ಇಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಇಳಿಸಿ ಎರಡೂ ಮುಖ ನೋಡಿ. ಕಡಿಮೆ ತೋರಿಸುವ ಮುಖವೇ ನಿಜ, ಇನ್ನೊಂದು ಕೊಳವೆಯ ಗೋಡೆಯಿಂದ ಬಳಿದುಕೊಂಡದ್ದು. ಕೊರತೆ ತುಂಬಿ, ಒಟ್ಟು ಲೀಟರ್ ಬರೆದಿಟ್ಟುಕೊಳ್ಳಿ. ಅಗಲದ ಪ್ಯಾನ್‌ನಲ್ಲಿ ಎರಡು ಗೆರೆಗಳ ನಡುವೆ ಮೊದಲಿಗಿಂತ ಹೆಚ್ಚು ಹಿಡಿಯುತ್ತದೆ ಎಂಬುದು ನೆನಪಿರಲಿ.

ಕೊಳವೆ ಎಲ್ಲಿ ಕೂತಿದೆ ಎಂದು ಕಾಣುವಂತೆ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.