ಮೊಲಗಳ ಕಾಟಕ್ಕೆ .22 ರೈಫಲ್: ಯಾವ ಕಾಡತೂಸು ಸರಿ?

ಪ್ರಶ್ನೆ: ನಾನು ಮೂಲತಃ ಕೊಡಗಿನವನು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಬ್ಯಾಲರಟ್ ಹತ್ತಿರ, ಕುರಿ ಸಾಕಲೆಂದು ಸ್ವಲ್ಪ ಹುಲ್ಲುಗಾವಲನ್ನು ಕೊಂಡು ಎರಡು ವರ್ಷವಾಯಿತು. ಮೊಲಗಳು ಹುಲ್ಲನ್ನು ಬುಡದವರೆಗೆ ಮೇಯ್ದು, ದಿಬ್ಬದ ತುಂಬ ಬಿಲ ತೋಡಿವೆ. ಪರವಾನಗಿ ಪಡೆದು .22 ಎಲ್‌ಆರ್ (‘ಲಾಂಗ್ ರೈಫಲ್’ ಎಂಬ ಸಣ್ಣ ಕಾಡತೂಸಿನ) ಬೋಲ್ಟ್ ಆ್ಯಕ್ಷನ್ ರೈಫಲ್ ತೆಗೆದುಕೊಂಡೆ. ಅಂಗಡಿಯಲ್ಲಿ ಹತ್ತಾರು ಬಗೆಯ ಕಾಡತೂಸುಗಳಿದ್ದವು. ಎಲ್ಲಕ್ಕಿಂತ ಹೆಚ್ಚು ವೇಗದ್ದೆಂದು ಬರೆದಿದ್ದ ಹಗುರ ಗುಂಡಿನದನ್ನು ತಂದೆ. 80 ಮೀಟರ್ ದೂರದಲ್ಲಿ ಹೊಡೆದ ಎರಡು ಮೊಲಗಳು ಗಾಯಗೊಂಡು ಬಿಲ ಸೇರಿಕೊಂಡವು, ಮತ್ತೆ ಸಿಗಲಿಲ್ಲ. ಮನಸ್ಸಿಗೆ ಬಹಳ ನೋವಾಯಿತು. ಯಾವ ಕಾಡತೂಸನ್ನು ಆರಿಸಬೇಕು? .17 ರೈಫಲ್ಲಿಗೆ ಬದಲಾಯಿಸುವುದು ಒಳ್ಳೆಯದೇ?

ಉತ್ತರ: ಆ ಎರಡು ಮೊಲಗಳ ವಿಷಯವನ್ನು ನೀವು ಮುಚ್ಚಿಡದೆ ಬರೆದಿದ್ದೀರಿ. ಕಾಡತೂಸಿನ ಆಯ್ಕೆ ಆರಂಭವಾಗಬೇಕಾದದ್ದೂ ಅಲ್ಲಿಂದಲೇ. ಪೀಡೆಯಾದರೂ ಅದು ಜೀವ. ಒಂದೇ ಈಡಿಗೆ, ನೋವು ತಿಳಿಯುವ ಮೊದಲೇ ಅದು ಸಾಯಬೇಕು. ಆದ್ದರಿಂದ ಪೊಟ್ಟಣದ ಮೇಲೆ ಬರೆದಿರುವ ವೇಗಕ್ಕಿಂತ, ನಿಮ್ಮ ರೈಫಲ್ಲಿನಿಂದ, ನಿಮ್ಮ ಕೈಯಿಂದ, ಎಷ್ಟು ದೂರದವರೆಗೆ ಗುಂಡು ಖಚಿತವಾಗಿ ಬೇಕಾದಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಮೊಲದ ಮಟ್ಟಿಗೆ ಆ ಜಾಗವೆಂದರೆ ಕಣ್ಣು ಮತ್ತು ಕಿವಿಯ ನಡುವಿನ, ನಾಲ್ಕು ಸೆಂಟಿಮೀಟರಿನಷ್ಟು ಅಗಲದ ವೃತ್ತ ಮಾತ್ರ.

ನಿಮ್ಮ .22 ಎಲ್‌ಆರ್‌ನಂತಹ ರಿಮ್‌ಫೈರ್ ಕಾಡತೂಸಿನ ಶಕ್ತಿಗೆ ಹುಟ್ಟಿನಿಂದಲೇ ಒಂದು ಮಿತಿಯಿದೆ. ಬೆಂಕಿ ಹೊತ್ತಿಸುವ ಮಸಾಲೆಯು ಹಿತ್ತಾಳೆ ಕವಚದ ಹಿಂಭಾಗದ ಟೊಳ್ಳು ಅಂಚಿನೊಳಗೆ ಇರುತ್ತದೆ. ಹೊಡೆಯುವ ಕಡ್ಡಿ ಆ ಅಂಚನ್ನು ಜಜ್ಜಿದಾಗ ಅದು ಸಿಡಿಯುತ್ತದೆ. ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಲೇಬೇಕಾದ್ದರಿಂದ ಒಳಗಿನ ಒತ್ತಡವನ್ನು ಬೇಕಾದಷ್ಟು ಹೆಚ್ಚಿಸಲಾಗದು, ಖಾಲಿ ಕವಚವನ್ನು ಮತ್ತೆ ತುಂಬಿಸಿಕೊಳ್ಳುವುದೂ ಸಾಧ್ಯವಿಲ್ಲ. .22 ಎಲ್‌ಆರ್ 1887ರಿಂದಲೂ ಇದೇ ಚೌಕಟ್ಟಿನೊಳಗೆ ಇದೆ. ಅಂಗಡಿಯಲ್ಲಿ ನೀವು ಕಂಡ ಹತ್ತಾರು ಬಗೆಗಳೆಲ್ಲ ಈ ಮಿತಿಯೊಳಗೆ ಗುಂಡಿನ ತೂಕ, ವೇಗ ಮತ್ತು ಮೂತಿಯ ಆಕಾರಗಳನ್ನು ಹಿಂದೆ ಮುಂದೆ ಮಾಡಿದವುಗಳೇ.

ತೂಕವನ್ನು ಗ್ರೇನ್ ಲೆಕ್ಕದಲ್ಲಿ ಬರೆದಿರುತ್ತಾರೆ; 40 ಗ್ರೇನ್ ಎಂದರೆ ಸುಮಾರು 2.6 ಗ್ರಾಂ. ಆ ತೂಕದ ಗುಂಡು ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) ಬಗೆಯಲ್ಲಿ ಸೆಕೆಂಡಿಗೆ ಸುಮಾರು 320 ಮೀಟರ್, ಹೈ ವೆಲಾಸಿಟಿ (ಹೆಚ್ಚು ವೇಗದ) ಬಗೆಯಲ್ಲಿ ಸುಮಾರು 380 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಬರುತ್ತದೆ. ನೀವು ತಂದದ್ದು ಬಹುಶಃ ಇವೆರಡನ್ನೂ ಮೀರಿದ ಮೂರನೆಯ ಗುಂಪಿನದು. ಸಿಸಿಐ ಕಂಪನಿಯ ಸ್ಟಿಂಗರ್ ಇದಕ್ಕೆ ಪ್ರಸಿದ್ಧ ಉದಾಹರಣೆ: 32 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 500 ಮೀಟರ್ ವೇಗ. ಈ ಹಗುರ ಗುಂಡುಗಳು ಹತ್ತಿರದಲ್ಲಿ ಬಲವಾಗಿ ಬಡಿಯುತ್ತವೆ, ಆದರೆ ಬೇಗ ವೇಗ ಕಳೆದುಕೊಳ್ಳುತ್ತವೆ. ಅನೇಕ ರೈಫಲ್ಲುಗಳಲ್ಲಿ 80 ಮೀಟರ್ ತಲುಪುವಷ್ಟರಲ್ಲಿ ಅವು ಬೀಳುವ ಜಾಗ ಮೊಲದ ತಲೆಗಿಂತ ಅಗಲವಾಗಿ ಹರಡಿರುತ್ತದೆ. ಸ್ಟಿಂಗರಿನ ಕವಚ ಸಾಮಾನ್ಯ .22 ಎಲ್‌ಆರ್ ಕವಚಕ್ಕಿಂತ ಉದ್ದವಾಗಿರುವುದರಿಂದ, ಸ್ಪರ್ಧೆಗಾಗಿ ಬಿಗಿಯಾಗಿ ಕೊರೆದ ಛೇಂಬರ್ (ಕಾಡತೂಸು ಕೂರುವ ಜಾಗ) ಇರುವ ರೈಫಲ್ಲುಗಳಲ್ಲಿ ಅದನ್ನು ಬಳಸಲೇಬಾರದು.

ನಿಮಗೆ ನನ್ನ ಸಲಹೆ 38ರಿಂದ 42 ಗ್ರೇನಿನ ಸಬ್‌ಸಾನಿಕ್ ಹಾಲೋ ಪಾಯಿಂಟ್. ಹಾಲೋ ಪಾಯಿಂಟ್ ಎಂದರೆ ಮೂತಿಯಲ್ಲಿ ಕುಳಿ ಇರುವ ಗುಂಡು. ಅದು ತಾಗಿದೊಡನೆ ಅರಳಿ ತನ್ನ ಶಕ್ತಿಯನ್ನು ದೇಹದೊಳಗೇ ಬಿಟ್ಟುಕೊಡುತ್ತದೆ. ದುಂಡು ಮೂತಿಯ ಗಟ್ಟಿ ಗುಂಡು ಅಭ್ಯಾಸಕ್ಕೆ ಒಳ್ಳೆಯದು, ಅಗ್ಗವೂ ಹೌದು. ಆದರೆ ಅದು ಮೊಲದ ಮೈಯಲ್ಲಿ ಸೂಜಿಯಂತೆ ತೂರಿ ಆಚೆ ಹೋಗಬಹುದು, ಮೊಲ ಗಾಯದೊಂದಿಗೆ ಓಡಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ: ಹೆಚ್ಚಿನ ವೇಗಕ್ಕೆಂದು ರೂಪಿಸಿದ ಹಾಲೋ ಪಾಯಿಂಟ್, ದೂರದಲ್ಲಿ ವೇಗ ಕುಗ್ಗಿದ ಮೇಲೆ ಅರಳದೆಯೇ ಹೋಗಬಹುದು. ಸಬ್‌ಸಾನಿಕ್‌ಗೆಂದೇ ಮಾಡಿದ ಗುಂಡಿನಲ್ಲಿ ಸೀಸ ಮೆತ್ತಗಿರುತ್ತದೆ, ಕುಳಿ ದೊಡ್ಡದಿರುತ್ತದೆ. ಕಡಿಮೆ ವೇಗದಲ್ಲೂ ಅದು ಅರಳಲೆಂದೇ ಹಾಗೆ ಮಾಡಿರುತ್ತಾರೆ.

ಸಬ್‌ಸಾನಿಕ್ ಎಂಬ ಹೆಸರು ಬಂದದ್ದು ಶಬ್ದದ ವೇಗಕ್ಕಿಂತ ಕೆಳಗೆ ಉಳಿಯುವುದರಿಂದ. ಶಬ್ದದ ವೇಗವನ್ನು ಮೀರಿದ ಗುಂಡು ಗಾಳಿಯಲ್ಲಿ ಚಾಟಿ ಬೀಸಿದಂತಹ ಸದ್ದು ಮಾಡುತ್ತದೆ; ಆ ಒಂದು ಸದ್ದಿಗೆ ದಿಬ್ಬದ ಮೇಲಿನ ಮೊಲಗಳೆಲ್ಲ ಬಿಲ ಸೇರುತ್ತವೆ. ನಿಮ್ಮ ರಾಜ್ಯದಲ್ಲಿ ಸಾಮಾನ್ಯ ಪರವಾನಗಿದಾರರಿಗೆ ಸೈಲೆನ್ಸರ್ ನಿಷಿದ್ಧವಾಗಿರುವುದರಿಂದ, ಸದ್ದನ್ನು ಕುಗ್ಗಿಸಲು ಕಾಡತೂಸಿನ ಆಯ್ಕೆಯೇ ನಿಮಗಿರುವ ಮುಖ್ಯ ದಾರಿ. ಗಾಳಿಯ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 20 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, 0 ಡಿಗ್ರಿಯಲ್ಲಿ 331 ಮೀಟರ್. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದು ಬರೆದ ಕಾಡತೂಸುಗಳ ವೇಗ ಸುಮಾರು 330 ಮೀಟರ್. ಬೇಸಿಗೆಯ ಸಂಜೆ ಹೆಚ್ಚು ಸದ್ದಿಲ್ಲದೆ ಹೋಗುವ ಅದೇ ಗುಂಡು ಬ್ಯಾಲರಟ್ಟಿನ ಜುಲೈ ತಿಂಗಳ ಕೊರೆಯುವ ಚಳಿಯ ಬೆಳಗ್ಗೆ ಆಗಾಗ ಚಟೀರೆನ್ನುವುದು ಇದೇ ಕಾರಣಕ್ಕೆ. ಕಾಡತೂಸು ಕೆಟ್ಟಿದೆಯೆಂದು ಆಗ ಭಾವಿಸಬೇಡಿ.

ಅಡ್ಡಗಾಳಿಯ ವಿಷಯದಲ್ಲಿಯೂ ಹೆಚ್ಚಿನವರ ಊಹೆ ತಪ್ಪುತ್ತದೆ. ವೇಗದ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ ಎಂದು ತೋರುವುದು ಸಹಜ, ಆದರೆ .22 ಎಲ್‌ಆರ್‌ನಲ್ಲಿ 100 ಮೀಟರಿನ ಹೊತ್ತಿಗೆ ಹೈ ವೆಲಾಸಿಟಿ ಗುಂಡೇ ಸಬ್‌ಸಾನಿಕ್‌ಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಪ್ರತಿರೋಧ ತೀವ್ರವಾಗಿ ಏರುವುದರಿಂದ ಅದು ತನ್ನ ವೇಗವನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಹಾಗೆ ಕಳೆದುಹೋದ ವೇಗವನ್ನೇ ಅವಲಂಬಿಸಿದೆ.

ಇನ್ನು ದೂರ. ಗುರಿಯನ್ನು 50 ಮೀಟರಿಗೆ ಹೊಂದಿಸಿದ ರೈಫಲ್ಲಿನಿಂದ ಹೊರಟ 40 ಗ್ರೇನ್ ಗುಂಡು 80 ಮೀಟರಿನಲ್ಲಿ ಎಂಟು ಹತ್ತು ಸೆಂಟಿಮೀಟರ್ ಕೆಳಗೂ, 100 ಮೀಟರಿನಲ್ಲಿ 15ರಿಂದ 20 ಸೆಂಟಿಮೀಟರ್ ಕೆಳಗೂ ಬೀಳುತ್ತದೆ. ನಾಲ್ಕು ಸೆಂಟಿಮೀಟರಿನ ಗುರಿಗೆ ಇದು ಬಹಳ ದೊಡ್ಡ ಅಂತರ. ಕಣ್ಣಂದಾಜಿನಲ್ಲಿ ಹತ್ತು ಮೀಟರ್ ತಪ್ಪಿದರೂ ಗುಂಡು ತಲೆ ಬಿಟ್ಟು ದವಡೆಗೋ ಕಾಲಿಗೋ ತಾಗುತ್ತದೆ. ಸಬ್‌ಸಾನಿಕ್ ಬಳಸುವಾಗ 60 ಮೀಟರನ್ನು ದಾಟಬೇಡಿ ಎಂಬುದು ನನ್ನ ಖಚಿತವಾದ ಮಾತು. ಬೇಲಿಯ ಕಂಬಗಳಿಂದ ಬಿಲಗಳವರೆಗಿನ ದೂರವನ್ನು ಹಗಲಿನಲ್ಲಿ ಒಮ್ಮೆ ಅಳೆದಿಟ್ಟುಕೊಂಡರೆ ಸಂಜೆ ಊಹಿಸುವ ಅಗತ್ಯವೇ ಬರುವುದಿಲ್ಲ.

ಆದರೆ ಯಾವ ಬ್ರ್ಯಾಂಡ್ ಎಂಬುದನ್ನು ನಾನು ನಿರ್ಧರಿಸಲಾರೆ. ಅದನ್ನು ನಿಮ್ಮ ನಳಿಗೆಯೇ ಹೇಳಬೇಕು. ಒಂದೇ ಕಾರ್ಖಾನೆಯಿಂದ ಬಂದ, ಒಂದೇ ಮಾದರಿಯ ಎರಡು ರೈಫಲ್ಲುಗಳು ಬೇರೆ ಬೇರೆ ಕಾಡತೂಸುಗಳನ್ನು ಇಷ್ಟಪಡುವುದು .22ರಲ್ಲಿ ದಿನನಿತ್ಯದ ಅನುಭವ. ಏಲಿ, ಸಿಸಿಐ, ವಿಂಚೆಸ್ಟರ್ ಮುಂತಾದ ನಾಲ್ಕೈದು ಕಂಪನಿಗಳ ಸಬ್‌ಸಾನಿಕ್ ಹಾಲೋ ಪಾಯಿಂಟ್‌ಗಳಲ್ಲಿ 50ರ ಒಂದೊಂದು ಪೊಟ್ಟಣ ತನ್ನಿ. ಗಾಳಿಯಿಲ್ಲದ ದಿನ, ರೈಫಲ್ಲಿಗೆ ಗಟ್ಟಿ ಆಸರೆ ಕೊಟ್ಟು, 50 ಮೀಟರಿನಲ್ಲಿ ಕಾಗದದ ಗುರಿಗೆ ಹೊಡೆಯಿರಿ. ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಪ್ರತಿಯೊಂದು ಕಂಪನಿಯೂ ಗುಂಡಿಗೆ ತನ್ನದೇ ಬಗೆಯ ಮೇಣ ಅಥವಾ ಜಿಡ್ಡನ್ನು ಹಚ್ಚಿರುತ್ತದೆ. ಹಳೆಯದರ ಲೇಪ ಹೋಗಿ ಹೊಸದರ ಲೇಪ ನಳಿಗೆಯಲ್ಲಿ ಕೂರುವವರೆಗೆ ಗುಂಡುಗಳು ಅಲ್ಲಿ ಇಲ್ಲಿ ಬೀಳುತ್ತವೆ. ಅನಂತರ ಐದೈದರಂತೆ ನಾಲ್ಕು ಸಲ ಹೊಡೆದು ನೋಡಿ. ಇಪ್ಪತ್ತೂ ಗುಂಡುಗಳು 25 ಮಿಲಿಮೀಟರಿನ ವೃತ್ತದೊಳಗೆ ಬಿದ್ದರೆ ಅದು ನಿಮ್ಮ ಕಾಡತೂಸು. ಒಂದೇ ಒಂದು ಸುಂದರ ಗುಂಪನ್ನು ಕಂಡು ಮರುಳಾಗಬೇಡಿ. ಮರುದಿನವೇ ಹೋಗಿ ಪೊಟ್ಟಣದ ಮೇಲೆ ಅದೇ ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದವುಗಳ ಗುರುತು) ಇರುವುದನ್ನು ಸಾಧ್ಯವಾದಷ್ಟು ಕೊಂಡಿಡಿ. ಕಾಡತೂಸುಗಳನ್ನು ರೈಫಲ್ಲಿನಿಂದ ಬೇರೆಯಾಗಿ, ಬೀಗ ಹಾಕಿ ಇಡಬೇಕೆಂಬ ನಿಯಮ ನಿಮಗೆ ಪರವಾನಗಿ ಪಡೆಯುವಾಗಲೇ ತಿಳಿದಿರುತ್ತದೆ.

ನೀವು ಕೇಳಿದ .17 ರೈಫಲ್ಲಿನ, ಅಂದರೆ .17 ಎಚ್‌ಎಂಆರ್ ಕಾಡತೂಸಿನ, ವಿಷಯಕ್ಕೆ ಬರುತ್ತೇನೆ. 2002ರಲ್ಲಿ ಬಂದ ಈ ಕಾಡತೂಸಿನ 17 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 775 ಮೀಟರ್ ವೇಗದಲ್ಲಿ ಹೊರಡುತ್ತದೆ, 100 ಮೀಟರಿನವರೆಗೆ ಹೆಚ್ಚುಕಡಿಮೆ ಗೆರೆ ಎಳೆದಂತೆ ಸಾಗುತ್ತದೆ. ಬಯಲು ವಿಶಾಲವಾಗಿದ್ದು ಮೊಲಗಳು 100 ಮೀಟರಿಗಿಂತ ಹತ್ತಿರ ಬರಗೊಡದಿದ್ದರೆ ಅದು ನಿಜಕ್ಕೂ ಉತ್ತಮ ಆಯ್ಕೆ. ಆದರೆ ಅದರ ಬೆಲೆ ಹಲವು ಪಟ್ಟು ಹೆಚ್ಚು, ಸದ್ದು ಜೋರು. ದೇಹಕ್ಕೆ ತಾಗಿದರೆ ಮಾಂಸ ಛಿದ್ರವಾಗುವುದರಿಂದ ಅಡುಗೆಗೆ ಉಳಿಯುವುದಿಲ್ಲ. .22 ಎಲ್‌ಆರ್‌ಗಿಂತ ಬಲವಾದ .22 ಮ್ಯಾಗ್ನಮ್ ಮೊಲಕ್ಕೆ ಬೇಕಿಲ್ಲ, ಅದನ್ನು ನರಿಗಳಿಗೆಂದು ಇಟ್ಟುಕೊಳ್ಳುತ್ತಾರೆ. ನಿಮ್ಮ ತೊಂದರೆಗೆ ಕಾರಣ ರೈಫಲ್ಲಿನ ಜಾತಿಯಲ್ಲ. ಮೊದಲು 50 ಮೀಟರ್ ಹತ್ತಿರಕ್ಕೆ ಹೋಗುವುದನ್ನು ಕಲಿಯಿರಿ.

.17ರ ಪರವಾಗಿ ಒಂದು ಗಂಭೀರ ಮಾತನ್ನು ಹೇಳಲೇಬೇಕು. ಅದರ ತೆಳು ಗುಂಡು ನೆಲಕ್ಕೆ ತಾಗಿದೊಡನೆ ಬಹುಮಟ್ಟಿಗೆ ಪುಡಿಯಾಗುತ್ತದೆ. .22ರ ನಿಧಾನ ಸೀಸದ ಗುಂಡು ಹಾಗಲ್ಲ. ಕಲ್ಲು, ಗಟ್ಟಿ ಮಣ್ಣು, ನೀರಿನ ಮೇಲ್ಮೈಗೆ ಓರೆಯಾಗಿ ತಾಗಿದರೆ ಅದು ಚಿಮ್ಮಿ ಬೇರೆ ದಿಕ್ಕಿಗೆ ಹಾರುತ್ತದೆ, ಮತ್ತು ತಡೆಯಿಲ್ಲದೆ ಹೋದರೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಮರದ ತುದಿಯ ತೆಂಗಿನಕಾಯಿಗೆ ಈಡು ಹಾಕುವುದನ್ನು ನೋಡಿ ಬೆಳೆದವರು ನೀವು. ಚರೆ ತುಂಬಿದ ತೋಟಾಕೋವಿಯ ಆ ಅಭ್ಯಾಸ ರೈಫಲ್ಲಿಗೆ ಒಗ್ಗುವುದಿಲ್ಲ. ಆಕಾಶವೇ ಹಿನ್ನೆಲೆಯಾಗಿ ದಿಬ್ಬದ ನೆತ್ತಿಯ ಮೇಲೆ ಕುಳಿತ ಮೊಲಕ್ಕೆ ಎಂದಿಗೂ ಹೊಡೆಯಬೇಡಿ. ಅದರ ಹಿಂದೆ ಮೆತ್ತನೆಯ ಮಣ್ಣಿನ ಏರಿ ಇರಲೇಬೇಕು.

ಸೀಸದ ಕುರಿತೂ ಎಚ್ಚರ ಬೇಕು. ಸತ್ತ ಮೊಲಗಳನ್ನು ಬಯಲಲ್ಲಿ ಬಿಟ್ಟರೆ ಹದ್ದುಗಳು ತಿಂದು ಸೀಸದ ವಿಷಕ್ಕೆ ಈಡಾಗುತ್ತವೆ. ಆಸ್ಟ್ರೇಲಿಯಾದ ವೆಜ್‌ಟೇಲ್ಡ್ ಹದ್ದುಗಳ ದೇಹದಲ್ಲಿ ಸೀಸ ಕಂಡುಬಂದಿದೆ. ಸತ್ತ ಮೊಲಗಳನ್ನು ಎತ್ತಿ ಆಳವಾಗಿ ಹೂಳಿರಿ. ಮನೆಗೆ ತಂದರೆ ಗುಂಡು ತಾಗಿದ ಭಾಗವನ್ನು ಅಗಲವಾಗಿ ಕೊಯ್ದು ತೆಗೆಯಿರಿ, ನಾಯಿಗೂ ಅದನ್ನು ಹಾಕಬೇಡಿ.

ಇಷ್ಟಾದ ಮೇಲೂ ರೈಫಲ್ ಒಂದರಿಂದಲೇ ಮೊಲಗಳು ಮುಗಿಯುವುದಿಲ್ಲ. 1859ರಲ್ಲಿ ನಿಮ್ಮಿಂದ ಹೆಚ್ಚು ದೂರವಿಲ್ಲದ ವಿಂಚೆಲ್ಸಿಯಾ ಬಳಿಯ ಬಾರ್ವನ್ ಪಾರ್ಕಿನಲ್ಲಿ ಥಾಮಸ್ ಆಸ್ಟಿನ್ ಇಂಗ್ಲೆಂಡಿನಿಂದ ತರಿಸಿ ಬಿಟ್ಟ ಎರಡು ಡಜನ್ನಿನಷ್ಟು ಮೊಲಗಳ ಸಂತತಿ ಖಂಡವನ್ನೇ ಆವರಿಸಿದ್ದನ್ನು ನೆನೆಯಿರಿ. ಹೆಣ್ಣಿನ ಗರ್ಭಾವಧಿ ಸುಮಾರು 30 ದಿನ ಮಾತ್ರ. ಬೇಸಿಗೆಯ ಕೊನೆಯಲ್ಲಿ, ಮರಿಗಳು ಕಡಿಮೆ ಇರುವಾಗ, ಟ್ರ್ಯಾಕ್ಟರಿನಿಂದ ಬಿಲಗಳನ್ನು ಆಳವಾಗಿ ಸೀಳಿ ಮುಚ್ಚಿಸಿ. ಉಳಿದ ಬೆರಳೆಣಿಕೆಯ ಮೊಲಗಳಿಗೆ ರೈಫಲ್ ಬಳಸಿ. 1994ರ ಕ್ಯಾಚ್‌ಮೆಂಟ್ ಅಂಡ್ ಲ್ಯಾಂಡ್ ಪ್ರೊಟೆಕ್ಷನ್ ಕಾಯ್ದೆಯು ಮೊಲಗಳನ್ನು ನಿಯಂತ್ರಿಸುವ ಹೊಣೆಯನ್ನು ಜಮೀನಿನ ಒಡೆಯರ ಮೇಲೆಯೇ ಇಟ್ಟಿದೆ. ನೆರೆಯವರೊಡನೆ ಸೇರಿ ಒಂದೇ ವಾರದಲ್ಲಿ ಈ ಕೆಲಸ ಮಾಡಿದರೆ ಮೊಲಗಳು ಬೇಲಿಯಾಚೆಯಿಂದ ಮರಳಿ ಬರುವುದು ತಡವಾಗುತ್ತದೆ.

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ. ಕೋವಿಯ ಪರವಾನಗಿ ಇದೆ. ತರಕಾರಿ ತಿನ್ನುವ ಮೊಲ, ನವಿಲುಗಳಿಗೆ .22 ಬಳಸಬಹುದೇ?

ಉತ್ತರ: ಬಳಸುವಂತಿಲ್ಲ. ನಮ್ಮ ಮೊಲ ಇಲ್ಲಿನದೇ ವನ್ಯಜೀವಿ, ಹೊರಗಿನಿಂದ ಬಂದ ಪೀಡೆಯಲ್ಲ. ಅದನ್ನೂ ನವಿಲನ್ನೂ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೋವಿಯ ಪರವಾನಗಿಯಾಗಲಿ, ಕೊಡವರಿಗಿರುವ ವಿನಾಯಿತಿಯಾಗಲಿ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗೆ ಅನುಮತಿಯಲ್ಲ. ತರಕಾರಿ ಮಡಿಗಳ ಸುತ್ತ ಸಣ್ಣ ಕಣ್ಣಿನ ತಂತಿಬಲೆಯನ್ನು, ಬುಡದ ಒಂದು ಅಡಿ ಮಣ್ಣಿನೊಳಗೆ ಹೋಗುವಂತೆ, ಕಟ್ಟಿಸಿ. ಮೊಲಕ್ಕೆ ಅಷ್ಟು ಸಾಕು. ನವಿಲುಗಳಿಗೆ ಎಳೆಯ ಸಸಿಗಳ ಮೇಲೆ ನೈಲಾನ್ ಬಲೆ ಹೊದಿಸಿ.