ವಿಜಯಪುರದ ಹಳ್ಳಿ, ಬೆಂಗಳೂರಿನ ಮಾತು

ಪ್ರಶ್ನೆ: ಸಿನಿಮಾದ ಕಥೆ ವಿಜಯಪುರ ಕಡೆಯದು. ಜೋಳದ ಹೊಲ, ತಲೆಗೆ ರುಮಾಲು ಎಲ್ಲ ಸರಿಯಾಗಿರುತ್ತದೆ. ನಾಯಕ ಬಾಯಿ ಬಿಟ್ಟರೆ ಮಾತ್ರ ಬೆಂಗಳೂರು ಕನ್ನಡ, ನಡುನಡುವೆ ಒಂದು ‘ರೀ’, ಒಂದು ‘ಲೇ’. ಯಾಕೆ ಹೀಗೆ? ಡಬ್ಬಿಂಗ್‌ನಲ್ಲಾದರೂ ಸರಿಪಡಿಸಬಹುದಲ್ಲವೆ?

ಉತ್ತರ: ಎಡವಟ್ಟು ಶುರುವಾಗುವುದು ಸಂಭಾಷಣೆಯ ಹಾಳೆಯಲ್ಲೇ. ಬೆಂಗಳೂರಿನ ಆಡುಮಾತಿನಲ್ಲಿ ಬರೆದು, ಆಮೇಲೆ ಪದದ ಬಾಲಗಳನ್ನಷ್ಟೇ ತಿದ್ದುತ್ತಾರೆ. ‘ಐತೆ’ ಅಂದರೆ ಹಳ್ಳಿ ಭಾಷೆ ಆಯಿತೆಂಬ ಲೆಕ್ಕ. ‘ಐತೆ’ ಮಂಡ್ಯ, ತುಮಕೂರು ಕಡೆಯದು, ವಿಜಯಪುರದಲ್ಲಿ ‘ಐತಿ’. ‘ಮನೆ’ ಅಲ್ಲಿ ‘ಮನಿ’, ‘ಮಾಡ್ತಾ ಇದಾನೆ’ ಎಂಬುದು ‘ಮಾಡಾಕತ್ತಾನ’. ಧಾರವಾಡದ ಕೆಲವು ಮನೆಗಳಲ್ಲಿ ಅದೇ ‘ಮಾಡ್ಲಿಕ್ಕತ್ತಾನ’ ಆಗುತ್ತದೆ. ಹಾಗಾಗಿ ಪಾತ್ರ ಯಾವ ಊರಿನದು ಎಂಬುದರ ಜೊತೆಗೆ ಯಾವ ಮನೆಯದು ಎಂಬುದೂ ಬರೆಯುವವರಿಗೆ ಗೊತ್ತಿರಬೇಕು.

ಡಬ್ಬಿಂಗ್‌ನಲ್ಲಿ ತಿದ್ದುವುದು ಕಷ್ಟ. ‘ಏನು ಮಾಡ್ತಾ ಇದೀಯ’ ಅನ್ನಲು ಏಳು ಉಚ್ಚಾರ ಬೇಕು, ‘ಏನ್ ಮಾಡಾಕತ್ತಿ’ ಐದರಲ್ಲೇ ಮುಗಿಯುತ್ತದೆ. ದನಿ ನಿಂತ ಮೇಲೂ ತೆರೆಯ ಮೇಲೆ ಬಾಯಿ ಆಡುತ್ತಿರುತ್ತದೆ. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಮೊದಲ ವಾಕ್ಯದಲ್ಲಿ ‘ಮಾ’ ಮೂರನೆಯದು, ಎರಡನೆಯದರಲ್ಲಿ ಎರಡನೆಯದು. ಕ್ಲೋಸಪ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೆನ್ನು ತೋರಿಸುವ ಶಾಟ್, ದೂರದ ಶಾಟ್‌ಗಳಲ್ಲಿ ಮಾತ್ರ ತಪ್ಪಿಸಿಕೊಳ್ಳಬಹುದು.

ಹಾಗಾಗಿ ಕೆಲಸವೆಲ್ಲ ಶೂಟಿಂಗ್‌ಗೆ ಮೊದಲೇ ಆಗಬೇಕು. ಆ ಸೀಮೆಯವರೊಬ್ಬರು ಇಡೀ ಸಂಭಾಷಣೆಯನ್ನು ತಮ್ಮ ಮಾತಿನಲ್ಲಿ ಓದಿ ರೆಕಾರ್ಡ್ ಮಾಡಿಕೊಡಲಿ. ನಟರು ಹಾಳೆ ನೋಡದೆ, ಅದನ್ನು ಕೇಳಿಯೇ ಬಾಯಿಪಾಠ ಮಾಡಲಿ. ರಾಗ ಕಿವಿಯಿಂದಷ್ಟೇ ಬರುತ್ತದೆ, ಅಕ್ಷರದಿಂದ ಬರುವುದಿಲ್ಲ. ಓದಿಕೊಟ್ಟ ಆ ಸೀಮೆಯವರೇ ಸೆಟ್‌ನಲ್ಲೂ ಹೆಡ್‌ಫೋನ್ ಹಾಕಿಕೊಂಡು ಕೂತರೆ ತಪ್ಪಿದ ಟೇಕ್ ಅಲ್ಲೇ ಗೊತ್ತಾಗುತ್ತದೆ. ‘ತಿಥಿ’ ಸಿನಿಮಾದಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ಸುತ್ತಲಿನ ಊರುಗಳ ಜನರೇ ನಟಿಸಿದ್ದರಿಂದ ಈ ತಾಪತ್ರಯವೇ ಇರಲಿಲ್ಲ.

‘ಬೇರೆ ಜಿಲ್ಲೆಯವರಿಗೆ ಅರ್ಥವಾಗಲ್ಲ’ ಎಂಬುದು ನಿರ್ಮಾಪಕರ ಹಳೆಯ ಭಯ. 2022ರ ‘ಕಾಂತಾರ’ದ ಕರಾವಳಿ ಕನ್ನಡ ರಾಜ್ಯದ ತುಂಬ ಓಡಿದ ಮೇಲೆ ಆ ಮಾತಿಗೆ ತೂಕವಿಲ್ಲ.

ಇನ್ನೊಂದು ಕಡೆ ಯಾರೂ ಗಮನ ಕೊಡುವುದಿಲ್ಲ: ಗುಂಪಿನ ದನಿ. ಸಂತೆ, ಜಾತ್ರೆಯ ಗದ್ದಲವನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಸಿಕ್ಕವರಿಂದ ಮಾಡಿಸಿದರೆ, ನಾಯಕ ಎಷ್ಟೇ ಚೆನ್ನಾಗಿ ಮಾತಾಡಿದರೂ ಹಿಂದಿನಿಂದ ‘ಬನ್ನಿ ಸಾರ್, ಬನ್ನಿ’ ಕೇಳಿಸುತ್ತದೆ. ಶೂಟಿಂಗ್ ನಡೆದ ಊರಲ್ಲೇ ಅರ್ಧ ಗಂಟೆ ಸಂತೆಯ ಸದ್ದು ಹಿಡಿದಿಟ್ಟುಕೊಂಡರೆ ಸಾಕು.